ಹನ್ನೊಂದು ವರ್ಷದ ಹಿಂದಿನ ಕೇಸ್: ಅರ್ಜಿಯ ಆ ಕಾಲಂನಲ್ಲಿ ಏನು ಬರೆಯಲಿ?

ಖಾಲಿ_ಕಾಲಂ:

ಎಲ್ಲರಿಗೂ ನಮಸ್ಕಾರ. ಮೂರು ದಿನದಿಂದ ಒಂದು ಫಾರಂ ಮುಂದೆ ಕೂತಿದ್ದೇನೆ. ಹದಿನಾರು ಪುಟ. ಹೆಸರು, ಓದು, ಹಳೆ ಕೆಲಸ, ಎಲ್ಲ ತುಂಬಿದ್ದೇನೆ. ಒಂದೇ ಒಂದು ಕಡೆ ಕೈ ನಿಂತುಹೋಗಿದೆ.

ವಿಷಯ ಹೇಳಿಬಿಡುತ್ತೇನೆ. ನನಗೆ 21 ವರ್ಷ ಇದ್ದಾಗ ಕಾಲೇಜಿನ ಎರಡು ಗುಂಪಿನ ನಡುವೆ ಹೊಡೆದಾಟ ಆಯಿತು. ನಾನೂ ಅಲ್ಲಿದ್ದೆ. ಒಬ್ಬನನ್ನು ತಳ್ಳಿದ್ದು ನಿಜ, ಅದನ್ನು ಮುಚ್ಚಿಡುವುದಿಲ್ಲ. ಏಳು ಜನರ ಮೇಲೆ ಎಫ್‌ಐಆರ್ ಆಯಿತು. ನನ್ನದು ಐದನೇ ಹೆಸರು. ಒಂದು ರಾತ್ರಿ ಠಾಣೆಯಲ್ಲಿ ಕಳೆದೆ, ಮರುದಿನ ಜಾಮೀನು ಸಿಕ್ಕಿತು. ಆಮೇಲೆ ಚಾರ್ಜ್‌ಶೀಟ್ ಹಾಕಿದರು. ಎರಡೂವರೆ ವರ್ಷ ಕೋರ್ಟಿಗೆ ಅಲೆದೆ. ಕೊನೆಗೆ ಸಾಕ್ಷಿಗಳು ಯಾರನ್ನೂ ಗುರುತಿಸಲಿಲ್ಲ. ಏಳು ಜನಕ್ಕೂ ಖುಲಾಸೆ ಆಯಿತು.

ಈಗ ನನಗೆ 32. ಅಕೌಂಟ್ಸ್ ಕೆಲಸ. ಒಂದು ಒಳ್ಳೆಯ ಹಣಕಾಸು ಕಂಪನಿಯಲ್ಲಿ ಸಂದರ್ಶನ ಚೆನ್ನಾಗಿ ಆಗಿದೆ. ಅವರ ಫಾರಂನಲ್ಲಿ ಹೀಗೆ ಕೇಳಿದ್ದಾರೆ: "ನಿಮ್ಮನ್ನು ಎಂದಾದರೂ ಬಂಧಿಸಲಾಗಿದೆಯೇ, ನಿಮ್ಮ ಮೇಲೆ ಕ್ರಿಮಿನಲ್ ಮೊಕದ್ದಮೆ ನಡೆದಿದೆಯೇ ಅಥವಾ ನಿಮಗೆ ಶಿಕ್ಷೆಯಾಗಿದೆಯೇ? ಹೌದಾದರೆ ವಿವರ ಕೊಡಿ." ವಿವರಕ್ಕೆ ಬಿಟ್ಟಿರುವುದು ಎರಡು ಬೆರಳಿನಷ್ಟು ಜಾಗ.

ಈಗಿರುವ ಕಂಪನಿಗೆ ಸೇರುವಾಗ "ಶಿಕ್ಷೆ ಆಗಿದೆಯೇ" ಅಂತ ಮಾತ್ರ ಕೇಳಿದ್ದರು. "ಇಲ್ಲ" ಅಂತ ಬರೆದಿದ್ದೆ. ಅದು ಸುಳ್ಳಾಯಿತಾ ಅನ್ನುವ ಚಿಂತೆಯೂ ಈಗ ಶುರುವಾಗಿದೆ. ಮದುವೆಗೆ ಮುಂಚೆ ಹೆಂಡತಿಗೆ ಎಲ್ಲ ಹೇಳಿದ್ದೆ. ಅವಳಿಗೆ ಹೇಳುವುದು ಇಷ್ಟು ಕಷ್ಟ ಆಗಿರಲಿಲ್ಲ. ಗೊತ್ತಿರುವವರು ದಯವಿಟ್ಟು ಹೇಳಿ.

ನೇರನುಡಿ:

ಖುಲಾಸೆ ಆಗಿದೆ ತಾನೆ? ಹಾಗಾದರೆ "ಇಲ್ಲ" ಅಂತ ಬರೆದು ಮುಗಿಸಿ. ಕೋರ್ಟೇ ತಪ್ಪಿಲ್ಲ ಅಂದ ಮೇಲೆ ನೀವು ಯಾಕೆ ನಿಮ್ಮ ಮೇಲೆ ಮಸಿ ಬಳಿದುಕೊಳ್ಳಬೇಕು? ಹೌದು ಅಂತ ಬರೆದ ತಕ್ಷಣ ಆ ಫಾರಂ ಪಕ್ಕಕ್ಕೆ ಹೋಗುತ್ತದೆ. ನನ್ನ ಗೆಳೆಯನಿಗೆ ಹಾಗೇ ಆಗಿದೆ. ನಿಜ ಹೇಳಿ ಎರಡು ಕಡೆ ಕೆಲಸ ಕಳೆದುಕೊಂಡ. ಅವನ ಸಂಕಟ ಹತ್ತಿರದಿಂದ ನೋಡಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ.

ಕರಿಕೋಟು:

ನಾನು ವಕೀಲ. ನೇರನುಡಿ ಅವರ ಕಾಳಜಿ ಅರ್ಥ ಆಗುತ್ತದೆ, ಆದರೆ ಈ ಸಲಹೆ ಪಾಲಿಸಬೇಡಿ.

ಮೊದಲು ಪ್ರಶ್ನೆಯನ್ನು ಬಿಡಿಸಿ ನೋಡಿ. ಅದರಲ್ಲಿ ಮೂರು ಪ್ರಶ್ನೆ ಇದೆ. ಬಂಧನ ಆಗಿತ್ತಾ? ಆಗಿತ್ತು. ಒಂದೇ ರಾತ್ರಿ ಆದರೂ ಅದು ಬಂಧನವೇ. ಮೊಕದ್ದಮೆ ನಡೆದಿತ್ತಾ? ನಡೆದಿತ್ತು. ಶಿಕ್ಷೆ ಆಯಿತಾ? ಇಲ್ಲ. ಮೂರನ್ನೂ ಒಂದೇ ವಾಕ್ಯದಲ್ಲಿ ಕೇಳಿರುವುದರಿಂದ ಉತ್ತರ "ಹೌದು" ಅಂತಲೇ ಆಗುತ್ತದೆ. ಖುಲಾಸೆ ಅಂದರೆ ಆರೋಪ ಸಾಬೀತಾಗಲಿಲ್ಲ ಅಂತ. ಕೇಸೇ ನಡೆಯಲಿಲ್ಲ ಅಂತ ಅಲ್ಲ.

ಹಳೆ ಕಂಪನಿ ಕೇಳಿದ್ದು ಶಿಕ್ಷೆ ಬಗ್ಗೆ ಮಾತ್ರ. ಅಲ್ಲಿ "ಇಲ್ಲ" ಅಂದದ್ದು ಪೂರ್ತಿ ನಿಜ. ಆ ಚಿಂತೆ ಬಿಟ್ಟುಬಿಡಿ.

ಈ ವಿಷಯದಲ್ಲಿ ಭಾರತದಲ್ಲಿ ಎಲ್ಲರೂ ಹಿಡಿದುಕೊಳ್ಳುವುದು ಅವತಾರ್ ಸಿಂಗ್ ಪ್ರಕರಣವನ್ನು. ಸುಪ್ರೀಂ ಕೋರ್ಟಿನ ಮೂರು ನ್ಯಾಯಮೂರ್ತಿಗಳ ಪೀಠ 2016ರ ಜುಲೈ 21ರಂದು ಕೊಟ್ಟ ತೀರ್ಪು. ಸರ್ಕಾರಿ ಕೆಲಸದ ಬಗ್ಗೆ ಹೇಳಿದ್ದಾದರೂ ಅದರ ತರ್ಕ ಎಲ್ಲ ಕಡೆ ಕೆಲಸಕ್ಕೆ ಬರುತ್ತದೆ. ಕೊಡುವ ಮಾಹಿತಿ ನಿಜವಾಗಿರಬೇಕು, ಬಂಧನ, ಮೊಕದ್ದಮೆ, ಶಿಕ್ಷೆ ಯಾವುದನ್ನೂ ಮುಚ್ಚಿಡಬಾರದು ಅನ್ನುವುದು ಅದರ ಮೊದಲ ಮಾತು. ಚಿಕ್ಕ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಸಣ್ಣ ಪ್ರಕರಣ ಆಗಿದ್ದರೆ, ಮುಚ್ಚಿಟ್ಟಿದ್ದರೂ ಮಾಲೀಕರು ಅದನ್ನು ಕ್ಷಮಿಸಬಹುದು ಅಂತಲೂ ಇದೆ. ಆದರೆ ಬಹಳ ಜನ ಓದದೆ ಬಿಡುವ ಭಾಗ ಇನ್ನೊಂದಿದೆ. ಫಾರಂನಲ್ಲಿ ಪ್ರಶ್ನೆ ಸ್ಪಷ್ಟವಾಗಿರಬೇಕು. ನಿರ್ದಿಷ್ಟವಾಗಿ ಕೇಳಿದ್ದನ್ನು ಮಾತ್ರ ಹೇಳಬೇಕು. ಅಭ್ಯರ್ಥಿಗೆ ಗೊತ್ತೇ ಇಲ್ಲದ ಕೇಸನ್ನು ಅವನು ಮುಚ್ಚಿಟ್ಟ ಅಂತ ಹೇಳುವ ಹಾಗಿಲ್ಲ.

ಅಂದರೆ ಕೇಳಿದ್ದಕ್ಕೆ ಪೂರ್ತಿ ನಿಜ ಹೇಳಿ. ಕೇಳದ್ದನ್ನು ಸೇರಿಸಬೇಡಿ.

ನೇರ ಹೇಳಬೇಕಾದ ಇನ್ನೊಂದು ಮಾತಿದೆ. ಅದೇ ತೀರ್ಪಿನ ಪ್ರಕಾರ, ನಿಜ ಹೇಳಿದ ಮಾತ್ರಕ್ಕೆ ಕೆಲಸ ಕೊಡಲೇಬೇಕು ಅಂತ ಇಲ್ಲ. ಮಾಲೀಕರು ಹಿನ್ನೆಲೆ ನೋಡಿ ಬೇಡ ಅನ್ನಬಹುದು. ಪೊಲೀಸ್, ಅರೆಸೇನಾ ಪಡೆಗಳಲ್ಲಿ ಖುಲಾಸೆ ಯಾವ ಕಾರಣಕ್ಕೆ ಆಯಿತು ಅಂತಲೂ ನೋಡುತ್ತಾರೆ. ಸಾಕ್ಷಿ ತಿರುಗಿಬಿದ್ದದ್ದಕ್ಕೆ ಆದ ಖುಲಾಸೆಯೇ, ಆರೋಪವೇ ಸುಳ್ಳು ಅಂತ ಕೋರ್ಟ್ ಹೇಳಿದ ಖುಲಾಸೆಯೇ, ಎರಡಕ್ಕೂ ಅವರು ಒಂದೇ ಬೆಲೆ ಕೊಡುವುದಿಲ್ಲ. ನಿಮ್ಮದು ಖಾಸಗಿ ಕಂಪನಿ, ಅಷ್ಟು ಬಿಗಿ ಇರಲಿಕ್ಕಿಲ್ಲ.

ನೇರನುಡಿ:

ಸರ್, ಕಾನೂನು ಸರಿ. ಆದರೆ ಖಾಸಗಿಯವರಿಗೆ 11 ವರ್ಷದ ಹಿಂದಿನ ಕೇಸ್ ಎಲ್ಲಿಂದ ಗೊತ್ತಾಗುತ್ತದೆ?

ಕರಿಕೋಟು:

ಇ-ಕೋರ್ಟ್ಸ್ ಜಾಲತಾಣದಲ್ಲಿ ಕಕ್ಷಿದಾರರ ಹೆಸರು ಹಾಕಿ ಹುಡುಕಬಹುದು. ಮುಗಿದ ಕೇಸುಗಳೂ ಅಲ್ಲಿ ಸಿಗುತ್ತವೆ. ಹಿನ್ನೆಲೆ ಪರಿಶೀಲನೆ ಮಾಡುವ ಏಜೆನ್ಸಿಯವರು ಮೊದಲು ನೋಡುವ ಜಾಗವೇ ಅದು. ಪ್ರಶ್ನೆ ಕೇಳಿದವರೂ ಇವತ್ತೇ ತಮ್ಮ ಹೆಸರು ಹಾಕಿ ನೋಡಲಿ. ಏಜೆನ್ಸಿಯವರಿಗೆ ಏನು ಕಾಣುತ್ತದೆ ಅಂತ ಮೊದಲು ನಿಮಗೆ ಗೊತ್ತಿರಬೇಕು. ಕೆಲವು ಸಲ ಅದೇ ಹೆಸರಿನ ಬೇರೆಯವರ ಕೇಸ್ ಬಂದು ಅಂಟಿಕೊಳ್ಳುತ್ತದೆ, ಅದೂ ಗೊತ್ತಾಗುತ್ತದೆ.

ಹಳೆ_ಉದ್ಯೋಗಿ:

ನೇರನುಡಿ ಅವರು ಹೇಳಿದ ದಾರಿಯಲ್ಲಿ ಹೋದವನು ನಾನು. ಏನಾಯಿತು ಅಂತ ಬರೆಯುತ್ತೇನೆ.

ನನ್ನ ಮೇಲಿದ್ದದ್ದು ಜಗಳದ ಕೇಸ್, ನಿಮ್ಮದಕ್ಕಿಂತ ಸಣ್ಣದು. ರಾಜಿ ಆಗಿ ಮುಗಿದಿತ್ತು. ಫಾರಂನಲ್ಲಿ "ಇಲ್ಲ" ಅಂತ ಟಿಕ್ ಹಾಕಿದೆ. ಕೆಲಸ ಸಿಕ್ಕಿತು. ಎರಡು ವರ್ಷ ಎಂಟು ತಿಂಗಳು ಕೆಲಸ ಮಾಡಿದೆ. ಒಂದು ಬಡ್ತಿಯೂ ಆಯಿತು. ಆಮೇಲೆ ಕಂಪನಿಗೆ ಒಬ್ಬ ದೊಡ್ಡ ಗಿರಾಕಿ ಬಂದರು. ಅವರ ಕೆಲಸ ಮಾಡುವ ಪ್ರತಿಯೊಬ್ಬರ ಹಿನ್ನೆಲೆಯನ್ನು ಹೊಸದಾಗಿ ನೋಡಬೇಕು ಅಂದರು. ನನ್ನ ಕೇಸ್ ಸಿಕ್ಕಿತು.

ಒಂದು ಸಂಜೆ ನಾಲ್ಕೂವರೆಗೆ ಚಿಕ್ಕ ಕೋಣೆಗೆ ಕರೆದರು. ಮೇಜಿನ ಮೇಲೆ ಎರಡೇ ಕಾಗದ. ಒಂದು ಕೇಸಿನ ಪ್ರಿಂಟ್. ಇನ್ನೊಂದು ನಾನು ಕೆಲಸಕ್ಕೆ ಸೇರುವಾಗ ಸಹಿ ಮಾಡಿದ ಫಾರಂ. "ಇಲ್ಲ" ಅನ್ನುವ ಪದದ ಸುತ್ತ ಯಾರೋ ಪೆನ್ಸಿಲಿನಲ್ಲಿ ಸುತ್ತು ಹಾಕಿದ್ದರು. ಹೆಚ್‌ಆರ್ ಮೇಡಂ ಮೊದಲ ಕಾಗದವನ್ನು ಪಕ್ಕಕ್ಕೆ ಸರಿಸಿದರು. "ಇದು ನಮಗೆ ದೊಡ್ಡ ವಿಷಯ ಅಲ್ಲ" ಅಂದರು. ಎರಡನೆಯದನ್ನು ನನ್ನ ಕಡೆ ತಿರುಗಿಸಿದರು. "ಇದಕ್ಕೆ ನಾವೇನು ಮಾಡೋಣ?" ಅಂದರು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಆಫರ್ ಲೆಟರಿನಲ್ಲಿ ಒಂದು ಸಾಲು ಇರುತ್ತದಲ್ಲ, ಮಾಹಿತಿ ಸುಳ್ಳು ಅಂತ ಗೊತ್ತಾದರೆ ಯಾವಾಗ ಬೇಕಾದರೂ ತೆಗೆದುಹಾಕಬಹುದು ಅಂತ? ಅದನ್ನು ತೋರಿಸಿದರು. ಅದೇ ದಿನ ಐಡಿ ಕಾರ್ಡ್ ಕೊಟ್ಟು ಹೊರಗೆ ಬಂದೆ. ಮುಂದಿನ ಕೆಲಸಕ್ಕೆ ಹೋದಾಗ ಹಿಂದಿನ ಕಂಪನಿ ಯಾಕೆ ಬಿಟ್ಟಿರಿ ಅಂತ ಕೇಳಿದರು. ಆಗ ಹೇಳಬೇಕಾದದ್ದು ಒಂದಲ್ಲ, ಎರಡು ಆಗಿತ್ತು.

ಆ ಎರಡು ವರ್ಷ ಎಂಟು ತಿಂಗಳೂ ನೆಮ್ಮದಿ ಇರಲಿಲ್ಲ ಅನ್ನುವುದನ್ನೂ ಹೇಳಬೇಕು. ಹೆಚ್‌ಆರ್‌ನಿಂದ ಮೇಲ್ ಬಂದರೆ ಸಾಕು, ಎದೆ ಹೊಡೆದುಕೊಳ್ಳುತ್ತಿತ್ತು. ರಜೆಯ ಲೆಕ್ಕದ ಮೇಲ್ ಆಗಿರುತ್ತಿತ್ತು ಅಷ್ಟೇ.

ನೇಮಕಾತಿ_ಮೇಜು:

ನಾನು 14 ವರ್ಷದಿಂದ ಹೆಚ್‌ಆರ್ ಕೆಲಸದಲ್ಲಿದ್ದೇನೆ. ಹಳೆ_ಉದ್ಯೋಗಿ ಅವರ ಎದುರು ಕೂತ ಮೇಡಂ ಜಾಗದಲ್ಲಿ ನಾನೂ ಕೂತಿದ್ದೇನೆ. ಓದಿ ಬೇಜಾರಾಯಿತು, ಯಾಕೆಂದರೆ ಹಾಗೇ ನಡೆಯುತ್ತದೆ.

ಒಳಗಿನ ಕೆಲಸ ಹೇಗೆ ಅಂತ ಹೇಳುತ್ತೇನೆ. ಏಜೆನ್ಸಿಯಿಂದ ವರದಿ ಬರುತ್ತದೆ. ಅದರಲ್ಲಿ ಬಣ್ಣ ಇರುತ್ತದೆ, ಹಸಿರು, ಹಳದಿ, ಕೆಂಪು. ಕೇಸ್ ಇದೆ ಅಂದರೆ ನಾವು ಮೊದಲು ಮಾಡುವ ಕೆಲಸ ಅಭ್ಯರ್ಥಿಯ ಫಾರಂ ತೆಗೆಯುವುದು. ಫಾರಂನಲ್ಲೂ ಅದೇ ಇದ್ದರೆ, ಅದು ನಮಗೆ ಗೊತ್ತಿದ್ದ ವಿಷಯ. ಮ್ಯಾನೇಜರ್ ಜೊತೆ ಮಾತಾಡಿ ತೀರ್ಮಾನ ಮಾಡುತ್ತೇವೆ. ಫಾರಂನಲ್ಲಿ ಇಲ್ಲದಿದ್ದರೆ ಅದು ನನ್ನ ಕೈ ತಪ್ಪಿ ಹೋಗುತ್ತದೆ. ಆಗ ಪ್ರಶ್ನೆ ಕೇಸಿನದಲ್ಲ, ಸಹಿಯದು. ನನಗೆ ಆ ವ್ಯಕ್ತಿಯ ಮೇಲೆ ಎಷ್ಟೇ ಒಳ್ಳೆಯ ಅಭಿಪ್ರಾಯ ಇದ್ದರೂ ಅವರ ಪರ ಮಾತಾಡಲು ಏನೂ ಉಳಿಯುವುದಿಲ್ಲ.

ಕೇಸಿಗೂ ಕೆಲಸಕ್ಕೂ ಸಂಬಂಧ ಇದೆಯಾ ಅಂತಲೂ ನೋಡುತ್ತೇವೆ. ಡ್ರೈವರ್ ಕೆಲಸಕ್ಕೆ ಬಂದವರ ಮೇಲೆ ಕುಡಿದು ಓಡಿಸಿದ ಕೇಸ್ ಇದ್ದರೆ ಅದು ತೂಕದ ವಿಷಯ. ಹಣ ಎಣಿಸುವ ಕೆಲಸಕ್ಕೆ ಬಂದವರ ಮೇಲೆ ವಂಚನೆ ಕೇಸ್ ಇದ್ದರೂ ಹಾಗೇ. ಕಾಲೇಜು ದಿನದ ಗಲಾಟೆಗೂ ಲೆಕ್ಕಪತ್ರಕ್ಕೂ ಏನು ಸಂಬಂಧ? ಖಾಲಿ_ಕಾಲಂ ಅವರೇ, ನಿಮ್ಮ ಫಾರಂ ನನ್ನ ಮೇಜಿಗೆ ಬಂದಿದ್ದರೆ ನಾನು ತೀರ್ಪಿನ ಪ್ರತಿ ಕೇಳಿ ಮುಂದೆ ಕಳಿಸುತ್ತಿದ್ದೆ.

ಎಲ್ಲರೂ ಹಾಗೆ ಮಾಡುತ್ತಾರೆ ಅಂತ ಮಾತು ಕೊಡಲಾರೆ. ನಿಜ ಹೇಳಿದವರನ್ನು ಸುಮ್ನೆ ಭಯಕ್ಕೆ ಬೇಡ ಅಂದ ಮ್ಯಾನೇಜರುಗಳನ್ನು ನೋಡಿದ್ದೇನೆ. ಅಂಥ ಎರಡು ಸಲ ನಾನು ಜಗಳ ಆಡಿದೆ, ಒಂದು ಸಲ ಗೆದ್ದೆ. ಸೋತ ಆ ಇನ್ನೊಬ್ಬ ಹುಡುಗನ ಮುಖ ಇನ್ನೂ ನೆನಪಿದೆ.

ಸಹಿ_ಮಾಡಿದವಳು:

ನನ್ನದು ಮುಗಿದ ಕೇಸಲ್ಲ, ನಡೆಯುತ್ತಿರುವುದು. ಅಣ್ಣನ ವ್ಯಾಪಾರದಲ್ಲಿ ನಾನು ಹೆಸರಿಗೆ ಪಾಲುದಾರಳು. ಚೆಕ್ ಮೇಲೆ ಸಹಿ ನನ್ನದು. ವ್ಯಾಪಾರ ಬಿತ್ತು, ಚೆಕ್ ಬೌನ್ಸ್ ಆಯಿತು, ಕೇಸ್ ನನ್ನ ಮೇಲೆ ಬಂತು. ಎಲ್ಲರೂ "ಅದು ದುಡ್ಡಿನ ವ್ಯವಹಾರ, ಕ್ರಿಮಿನಲ್ ಅಲ್ಲ" ಅನ್ನುತ್ತಾರೆ. ಫಾರಂನಲ್ಲಿ ಬರೆಯಬೇಕಾ?

ಕರಿಕೋಟು:

ಅಮ್ಮಾ, ಬಹಳ ಜನ ಎಡವುವುದೇ ಇಲ್ಲಿ. ಚೆಕ್ ಬೌನ್ಸ್ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಂನ ಅಪರಾಧ. ಎರಡು ವರ್ಷದ ತನಕ ಜೈಲು ಅಥವಾ ಚೆಕ್ ಮೊತ್ತದ ಎರಡು ಪಟ್ಟು ತನಕ ದಂಡ ಅಥವಾ ಎರಡೂ ವಿಧಿಸಬಹುದು. ನಡೆಯುವುದು ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ. ಆದ್ದರಿಂದ "ಕ್ರಿಮಿನಲ್ ಕೇಸ್ ಬಾಕಿ ಇದೆಯೇ" ಅಂತ ಕೇಳಿದರೆ ಉತ್ತರ ಹೌದು. ಆದರೆ ಅದರಲ್ಲಿ ರಾಜಿಗೆ ಅವಕಾಶ ಇದೆ. ರಾಜಿ ಆಗಿ ಮುಗಿದರೆ ಅದರ ಪರಿಣಾಮ ಖುಲಾಸೆಯೇ. ಮಾತುಕತೆ ನಡೆಯುತ್ತಿದ್ದರೆ ಆ ಮಾತನ್ನೂ ಅದೇ ಕಾಲಂನಲ್ಲಿ ಸೇರಿಸಿ.

ಇದರ ಉಲ್ಟಾ ಇನ್ನೊಂದಿದೆ. ಸಣ್ಣ ಕೇಸಿನಲ್ಲಿ "ತಪ್ಪು ಒಪ್ಪಿ ದಂಡ ಕಟ್ಟಿಬಿಡಿ, ಇವತ್ತೇ ಮುಗಿಯುತ್ತದೆ" ಅಂತ ಯಾರೋ ಹೇಳುತ್ತಾರೆ. ಕೋರ್ಟಿನಲ್ಲಿ ನಿಂತು ತಪ್ಪು ಒಪ್ಪಿ ಐನೂರು ರೂಪಾಯಿ ದಂಡ ಕಟ್ಟಿದರೂ ಅದು ಶಿಕ್ಷೆಯೇ. ಹತ್ತು ವರ್ಷ ಆದ ಮೇಲೆ "ಶಿಕ್ಷೆ ಆಗಿದೆಯೇ" ಅಂತ ಕೇಳಿದರೆ ಇಲ್ಲ ಅನ್ನುವ ಹಾಗಿಲ್ಲ. ಒಂದು ದಿನದ ಅಲೆದಾಟ ಉಳಿಸಲು ಹೋಗಿ ಹುಡುಗರು ಹೀಗೆ ಸಿಕ್ಕಿಹಾಕಿಕೊಳ್ಳುವುದನ್ನು ನೋಡಿ ಸಂಕಟ ಆಗುತ್ತದೆ.

ಅಕ್ಕನ_ಮಾತು:

ನನ್ನ ತಮ್ಮನಿಗೆ 16 ವರ್ಷ ಇದ್ದಾಗ ಗೆಳೆಯರ ಜೊತೆ ಬೈಕ್ ಕದ್ದ ಕೇಸ್ ಆಗಿತ್ತು. ಬಾಲ ನ್ಯಾಯ ಮಂಡಳಿಯಲ್ಲಿ ಮುಗಿಯಿತು. ಈಗ ಅವನಿಗೆ 24. ತುಂಬ ನೇರ ಹುಡುಗ. ಹೋದ ಕಡೆಯೆಲ್ಲ ಅದನ್ನು ತಾನೇ ಬಾಯಿಬಿಟ್ಟು ಹೇಳುತ್ತಾನೆ, ಕೇಳದಿದ್ದರೂ. ಎರಡು ಕಡೆ ಮುಖ ತಿರುಗಿಸಿದರು. ನಿಜ ಹೇಳುವುದು ತಪ್ಪು ಅಂತ ಅವನಿಗೆ ಹೇಗೆ ಹೇಳಲಿ?

ಕರಿಕೋಟು:

ತಪ್ಪು ಅಂತ ಹೇಳಬೇಡಿ. ಕಾನೂನೇ ಅವನಿಗೆ ಆ ಹೊರೆ ಇಳಿಸಿದೆ ಅಂತ ಹೇಳಿ. 2015ರ ಬಾಲ ನ್ಯಾಯ ಕಾಯ್ದೆಯ 24ನೇ ಕಲಂ ನೋಡಿ. ಈ ಕಾಯ್ದೆಯಡಿ ವಿಚಾರಣೆ ಆದ ಮಗುವಿಗೆ, ಶಿಕ್ಷೆ ಆದವರಿಗೆ ಬರುವ ಯಾವ ಅನರ್ಹತೆಯೂ ಬರಬಾರದು. ದಾಖಲೆಗಳನ್ನು ಅವಧಿ ಮುಗಿದ ಮೇಲೆ ನಾಶ ಮಾಡಬೇಕು ಅಂತಲೂ ಇದೆ. 16 ದಾಟಿದವರನ್ನು ಘೋರ ಅಪರಾಧಕ್ಕೆ ವಯಸ್ಕರಂತೆ ವಿಚಾರಣೆ ಮಾಡಿದ್ದರೆ ಮಾತು ಬೇರೆ. ನಿಮ್ಮ ತಮ್ಮನದು ಮಂಡಳಿಯಲ್ಲೇ ಮುಗಿದಿದೆ, ಆದ್ದರಿಂದ ಅದು ಅವನಿಗೆ ತಗಲುವುದಿಲ್ಲ. ಹುಡುಗತನದ ಕೇಸನ್ನು ಕೆಲಸಕ್ಕೆ ಅಡ್ಡ ತರಬಾರದು ಅಂತ ಸುಪ್ರೀಂ ಕೋರ್ಟ್ 2019ರಲ್ಲಿ ರಮೇಶ್ ಬಿಷ್ಣೋಯಿ ಪ್ರಕರಣದಲ್ಲೂ ಹೇಳಿದೆ.

ಕೇಳದೆ ಇದ್ದಾಗ ಅವನು ಹೇಳಬೇಕಾಗಿಲ್ಲ. ಸರ್ಕಾರಿ ಫಾರಂನಲ್ಲಿ ನೇರ ಪ್ರಶ್ನೆ ಬಂದರೆ ಒಬ್ಬ ವಕೀಲರಿಗೆ ಫಾರಂ ತೋರಿಸಿ ಬರೆಯಲಿ. ಆ ಕಲಂ ಹೆಸರು ಹೇಳಿಯೇ ಬರೆಯಬಹುದು.

ಅಕ್ಕನ_ಮಾತು:

ಇದನ್ನು ಈಗಲೇ ಅವನಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ಅಕ್ಕಾ, ಇನ್ನೊಂದು ಸಲ ಓದು" ಅಂದ.

ದೂರದೇಶಿ:

ನಾನು ಇಂಗ್ಲೆಂಡಿನಲ್ಲಿದ್ದೇನೆ. ಇಲ್ಲಿ ಈ ಮಾತನ್ನು ಬೇರೆ ರೀತಿ ನೋಡುತ್ತಾರೆ, ಗೊತ್ತಿರಲಿ ಅಂತ ಬರೆಯುತ್ತಿದ್ದೇನೆ. 1974ರಲ್ಲೇ ಒಂದು ಕಾಯ್ದೆ ಮಾಡಿದ್ದಾರೆ. ಶಿಕ್ಷೆ ಮುಗಿದು ಇಷ್ಟು ಕಾಲ ತಪ್ಪಿಲ್ಲದೆ ಕಳೆದರೆ ಅದು ತೀರಿಹೋದ ಶಿಕ್ಷೆ. ಆಮೇಲೆ ಸಾಮಾನ್ಯ ಕೆಲಸಕ್ಕೆ ಕೇಳಿದರೂ "ಇಲ್ಲ" ಅನ್ನಬಹುದು, ಅದು ಕಾನೂನಿನ ಕಣ್ಣಿನಲ್ಲಿ ಸುಳ್ಳಲ್ಲ. 2023ರ ಅಕ್ಟೋಬರಿನಲ್ಲಿ ಆ ಅವಧಿಗಳನ್ನು ಇನ್ನೂ ಕಡಿಮೆ ಮಾಡಿದರು. ಒಂದು ವರ್ಷದ ತನಕದ ಜೈಲಾದರೆ, ಶಿಕ್ಷೆ ಮುಗಿದ 12 ತಿಂಗಳಿಗೆ ತೀರುತ್ತದೆ. ಮಕ್ಕಳ ಜೊತೆ ಮಾಡುವ ಕೆಲಸ, ಆಸ್ಪತ್ರೆ, ವಕೀಲಿಕೆ, ಇಂಥ ಕಡೆ ಮಾತ್ರ ಹಳೆಯದನ್ನೂ ಹೇಳಬೇಕಾಗುತ್ತದೆ.

ಅಮೆರಿಕದಲ್ಲಿ ಇನ್ನೊಂದು ದಾರಿ ಹಿಡಿದರು. ಅರ್ಜಿಯಿಂದ ಆ ಪ್ರಶ್ನೆಯನ್ನೇ ತೆಗೆಯಿರಿ, ಮೊದಲು ಮನುಷ್ಯನನ್ನು ನೋಡಿ, ಆಮೇಲೆ ಕೇಳಿ ಅಂತ. ಹವಾಯಿ 1998ರಲ್ಲಿ ಶುರು ಮಾಡಿತು. ಕ್ಯಾಲಿಫೋರ್ನಿಯಾದಲ್ಲಿ 2018ರ ಜನವರಿಯಿಂದ, ಐದು ಜನಕ್ಕಿಂತ ಕಡಿಮೆ ಇಲ್ಲದ ಕಂಪನಿ ಆಫರ್ ಕೊಡುವ ಮುಂಚೆ ಇದನ್ನು ಕೇಳುವ ಹಾಗಿಲ್ಲ.

ಯಾಕೆ ಹೀಗೆ ಮಾಡಬೇಕಾಯಿತು ಅನ್ನುವುದಕ್ಕೆ ಒಂದು ಲೆಕ್ಕ ಇದೆ. ಡೆವಾ ಪೇಜರ್ ಅನ್ನುವ ಸಮಾಜಶಾಸ್ತ್ರಜ್ಞೆ ಮಿಲ್ವಾಕಿಯಲ್ಲಿ ಹುಡುಗರನ್ನು ಕೆಲಸ ಕೇಳಲು ಕಳಿಸಿದರು. ಎಲ್ಲರಿಗೂ ಒಂದೇ ಥರದ ಓದು, ಒಂದೇ ಥರದ ಅನುಭವ. ಕೆಲವರು ಮಾತ್ರ ಜೈಲಿಗೆ ಹೋಗಿದ್ದೆ ಅಂತ ಹೇಳಬೇಕು. 2003ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಕೇಸ್ ಇಲ್ಲದ ಬಿಳಿಯರಲ್ಲಿ ನೂರಕ್ಕೆ 34 ಜನರಿಗೆ ಮರುಕರೆ ಬಂತು, ಕೇಸ್ ಇದ್ದ ಬಿಳಿಯರಲ್ಲಿ 17. ಕರಿಯರಲ್ಲಿ ಕೇಸ್ ಇಲ್ಲದವರಿಗೆ 14, ಇದ್ದವರಿಗೆ 5. ನೇರನುಡಿ ಅವರ ಗೆಳೆಯನಿಗೆ ಆದದ್ದು ಕಲ್ಪನೆ ಅಲ್ಲ. ನಿಜ ಹೇಳಿದವರು ಬೆಲೆ ತೆರುತ್ತಾರೆ. ಅದನ್ನು ಒಪ್ಪಿಕೊಂಡೇ ಮಾತಾಡಬೇಕು.

ನೇರನುಡಿ:

ಧನ್ಯವಾದ, ದೂರದೇಶಿ. ನಾನು ಹೇಳಲು ಹೊರಟದ್ದು ಇದೇ. ಹಳೆ_ಉದ್ಯೋಗಿ ಅವರ ಮಾತು ಓದಿದ ಮೇಲೆ "ಇಲ್ಲ ಅಂತ ಬರೆಯಿರಿ" ಅಂದದ್ದನ್ನು ಹಿಂದೆ ತೆಗೆದುಕೊಳ್ಳುತ್ತೇನೆ. ಆದರೆ ನಿಜ ಹೇಳಿ ಅನ್ನುವವರು, ಹೇಗೆ ಹೇಳಬೇಕು ಅಂತಲೂ ಹೇಳಿಕೊಡಿ. ನನ್ನ ಗೆಳೆಯ ಒಂದೂವರೆ ಪುಟ ಬರೆದಿದ್ದ. ಪೊಲೀಸರು ಹೀಗೆ ಮಾಡಿದರು, ಎದುರಿನವರು ಹಾಗೆ ಮಾಡಿದರು, ಎಲ್ಲ.

ನೇಮಕಾತಿ_ಮೇಜು:

ಆ ಒಂದೂವರೆ ಪುಟವೇ ತೊಂದರೆ ಮಾಡಿರಬಹುದು. ಓದುವವರಿಗೆ ಕೇಸಿನ ಕಥೆ ಬೇಡ. ಅವರಿಗೆ ಬೇಕಾದ್ದು, ಯಾವ ವರ್ಷ, ಏನು ಕೇಸ್, ಹೇಗೆ ಮುಗಿಯಿತು. ನಾಲ್ಕು ಸಾಲು ಸಾಕು. ಬೇರೆಯವರನ್ನು ಬೈಯಬೇಡಿ, ನಿಮ್ಮನ್ನೂ ಬೈದುಕೊಳ್ಳಬೇಡಿ. ಎಫ್‌ಐಆರ್ ನಂಬರ್, ಕೇಸ್ ನಂಬರ್, ತೀರ್ಪಿನ ತಾರೀಕು ಬರೆಯಿರಿ. ತಾರೀಕು ಸರಿ ಇಲ್ಲದಿದ್ದರೆ ವರದಿಗೂ ಫಾರಂಗೂ ಹೊಂದುವುದಿಲ್ಲ, ಆಗ ನಿಜ ಹೇಳಿಯೂ ಅನುಮಾನಕ್ಕೆ ಗುರಿ ಆಗುತ್ತೀರಿ. ನೆನಪಿನಿಂದ ಬರೆಯಲೇಬೇಡಿ.

ಬಾಯಲ್ಲಿ ಕೇಳಿದಾಗಲೂ ಅಷ್ಟೇ. ಒಬ್ಬ ಹುಡುಗಿ ನನ್ನ ಎದುರು ಹೇಳಿದ್ದು ಹೀಗಿತ್ತು: "20ನೇ ವಯಸ್ಸಿನಲ್ಲಿ ನನ್ನ ಮೇಲೆ ಒಂದು ಕೇಸ್ ಆಗಿತ್ತು, ಎರಡು ವರ್ಷದಲ್ಲಿ ಖುಲಾಸೆ ಆಯಿತು, ತೀರ್ಪಿನ ಪ್ರತಿ ಇಲ್ಲಿದೆ." ಫೈಲಿನಿಂದ ಕಾಗದ ತೆಗೆದು ಮೇಜಿನ ಮೇಲೆ ಇಟ್ಟಳು. ಕೈ ಸ್ವಲ್ಪ ನಡುಗುತ್ತಿತ್ತು. ಆಮೇಲೆ ಸುಮ್ಮನಾದಳು. ನಾನು ಎರಡು ಪ್ರಶ್ನೆ ಕೇಳಿದೆ, ಎರಡಕ್ಕೂ ಒಂದೊಂದು ಸಾಲಿನ ಉತ್ತರ. ಐದು ನಿಮಿಷದಲ್ಲಿ ನಾವು ಕೆಲಸದ ಮಾತಿಗೆ ಬಂದಿದ್ದೆವು. ಅವಳು ಈಗ ನಮ್ಮಲ್ಲಿ ಒಂದು ತಂಡ ನೋಡಿಕೊಳ್ಳುತ್ತಾಳೆ.

ಯಾವಾಗ ಹೇಳಬೇಕು ಅಂತ ಬಹಳ ಜನ ಕೇಳುತ್ತಾರೆ. ಬಯೋಡೇಟಾದಲ್ಲಿ ಬೇಡ. ಮೊದಲ ಫೋನಿನಲ್ಲಿ ಬೇಡ. ಫಾರಂ ಕೇಳಿದಾಗ ಫಾರಂನಲ್ಲಿ. ಫಾರಂ ಕೇಳಲೇ ಇಲ್ಲ, ಆದರೆ ಹಿನ್ನೆಲೆ ಪರಿಶೀಲನೆ ಇದೆ ಅಂತ ಗೊತ್ತು ಅಂದರೆ ನನ್ನ ಸಲಹೆ ಇಷ್ಟು. ಆಫರ್ ಕೈಗೆ ಬಂದ ಮೇಲೆ, ಈಗಿನ ಕೆಲಸಕ್ಕೆ ರಾಜೀನಾಮೆ ಕೊಡುವ ಮುಂಚೆ, ಒಂದು ಸಣ್ಣ ಮೇಲ್ ಹಾಕಿ. ರಾಜೀನಾಮೆ ಕೊಟ್ಟ ಮೇಲೆ ಗೊತ್ತಾಗಿ ಆಫರ್ ರದ್ದಾದರೆ ಎರಡೂ ಕಡೆ ಕಾಲು ಜಾರಿದ ಹಾಗೆ. ಅದನ್ನು ಮೂರ್ನಾಲ್ಕು ಸಲ ಕಣ್ಣಾರೆ ನೋಡಿದ್ದೇನೆ.

ಕರಿಕೋಟು:

ಕಾಗದಗಳ ಬಗ್ಗೆ ನಾನು ಸೇರಿಸುತ್ತೇನೆ. ಖಾಲಿ_ಕಾಲಂ ಅವರೇ, ತೀರ್ಪಿನ ದೃಢೀಕೃತ ಪ್ರತಿ ನಿಮ್ಮ ಹತ್ತಿರ ಇದೆಯಾ? ಇಲ್ಲದಿದ್ದರೆ ಕೇಸ್ ನಂಬರ್ ಹಿಡಿದು ಅದೇ ಕೋರ್ಟಿನ ನಕಲು ವಿಭಾಗದಲ್ಲಿ ಅರ್ಜಿ ಹಾಕಿ. ಹಳೆ ಕಡತ ರೆಕಾರ್ಡ್ ರೂಮಿಗೆ ಹೋಗಿರುತ್ತದೆ, ತಡ ಆಗಬಹುದು. ಇವತ್ತೇ ಶುರು ಮಾಡಿ. ಪೊಲೀಸರೇ ಬಿ ರಿಪೋರ್ಟ್ (ಕೇಸ್ ಮುಚ್ಚುವ ವರದಿ) ಹಾಕಿ ಮುಗಿಸಿದ ಕೇಸಾದರೆ ಅದನ್ನು ಕೋರ್ಟ್ ಒಪ್ಪಿಕೊಂಡ ಆದೇಶದ ಪ್ರತಿ ಬೇಕು. ಹೈಕೋರ್ಟ್ ರದ್ದು ಮಾಡಿದ್ದಾದರೆ ಆ ಆದೇಶ.

ಕಲಂ ಸಂಖ್ಯೆಗಳನ್ನು ತೀರ್ಪಿನಲ್ಲಿ ಇದ್ದ ಹಾಗೇ ಬರೆಯಿರಿ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆ, ಸಂಖ್ಯೆಗಳು ಬದಲಾಗಿವೆ. ನಿಮ್ಮದು ಹಳೆ ದಂಡ ಸಂಹಿತೆಯ ಕೇಸ್. ಅದನ್ನು ಹೊಸ ಸಂಖ್ಯೆಗೆ ತಿರುಗಿಸಲು ಹೋದರೆ ಗೊಂದಲ.

ಖಾಲಿ_ಕಾಲಂ:

ಎಲ್ಲರ ಮಾತನ್ನೂ ಎರಡೆರಡು ಸಲ ಓದಿದೆ. ತೀರ್ಪಿನ ಪ್ರತಿ ಇದೆ ಸರ್. ಅಪ್ಪ ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಬೀರುವಿನಲ್ಲಿ ಇಟ್ಟಿದ್ದರು. "ಯಾವತ್ತಾದರೂ ಬೇಕಾಗುತ್ತದೆ" ಅಂದಿದ್ದರು. ಆಗ ನನಗೆ ಅದನ್ನು ಹರಿದು ಹಾಕಬೇಕು ಅನ್ನಿಸುತ್ತಿತ್ತು. ಅಪ್ಪ ಈಗಿಲ್ಲ. ನಿನ್ನೆ ರಾತ್ರಿ ಕವರ್ ತೆಗೆದರೆ ಅದರ ಮೇಲೆ ಅವರ ಕೈಬರಹದಲ್ಲಿ ಕೇಸ್ ನಂಬರ್ ಇದೆ. ತೀರ್ಪು ಒಂಬತ್ತು ಪುಟ. ಇಷ್ಟು ವರ್ಷದಲ್ಲಿ ಮೊದಲ ಸಲ ಪೂರ್ತಿ ಓದಿದೆ. ತೀರ್ಪಿನ ತಾರೀಕನ್ನು ನಾನು ಒಂದು ವರ್ಷ ತಪ್ಪಾಗಿ ನೆನಪಿಟ್ಟುಕೊಂಡಿದ್ದೆ.

ಹೀಗೆ ಬರೆದಿದ್ದೇನೆ, ನೋಡಿ ಹೇಳಿ:

"ಹೌದು. ವಿದ್ಯಾರ್ಥಿಯಾಗಿದ್ದಾಗ, 21ನೇ ವಯಸ್ಸಿನಲ್ಲಿ, ಎರಡು ಗುಂಪುಗಳ ಗಲಾಟೆಗೆ ಸಂಬಂಧಿಸಿ ನನ್ನನ್ನೂ ಸೇರಿಸಿ ಏಳು ಜನರ ಮೇಲೆ ದಂಡ ಸಂಹಿತೆ ಕಲಂ 143, 147, 323, 504 ಜೊತೆಗೆ 149ರ ಅಡಿ ಪ್ರಕರಣ ದಾಖಲಾಗಿತ್ತು. ಒಂದು ರಾತ್ರಿ ಬಂಧನದಲ್ಲಿದ್ದು ಜಾಮೀನಿನ ಮೇಲೆ ಬಿಡುಗಡೆಯಾದೆ. ವಿಚಾರಣೆಯ ನಂತರ ನ್ಯಾಯಾಲಯ ಎಲ್ಲರನ್ನೂ ಖುಲಾಸೆಗೊಳಿಸಿದೆ. ಪ್ರಕರಣದ ಸಂಖ್ಯೆ, ತೀರ್ಪಿನ ದಿನಾಂಕ ಮತ್ತು ಪ್ರತಿ ಲಗತ್ತಿಸಿದೆ. ಇದನ್ನು ಬಿಟ್ಟು ಬೇರೆ ಯಾವ ಪ್ರಕರಣವೂ ನನ್ನ ಮೇಲೆ ಇಲ್ಲ."

ಒಬ್ಬನನ್ನು ತಳ್ಳಿದ್ದೆ ಅನ್ನುವುದನ್ನು ಸೇರಿಸಬೇಕಾ? ಅದನ್ನು ಬಿಟ್ಟರೆ ನಿಜ ಪೂರ್ತಿ ಆಗುವುದಿಲ್ಲ ಅನ್ನಿಸುತ್ತಿದೆ.

ಕರಿಕೋಟು:

ಬೇಡ. ಅವರು ಕೇಳಿದ್ದು ಬಂಧನ, ಮೊಕದ್ದಮೆ, ಶಿಕ್ಷೆ. ಮೂರಕ್ಕೂ ಪೂರ್ತಿ ಉತ್ತರ ಕೊಟ್ಟಿದ್ದೀರಿ. ಆ ಹುಡುಗನನ್ನು ತಳ್ಳಿದ್ದು ನಿಮ್ಮ ಮನಸ್ಸಿನಲ್ಲಿ ಇನ್ನೂ ಉಳಿದಿದೆ ಅಂತ ಕಾಣುತ್ತದೆ. ಆ ಮಾತನ್ನು ಹೇಳಬೇಕಾದದ್ದು ಅವನಿಗೆ, ಕಂಪನಿಗಲ್ಲ.

ಖಾಲಿ_ಕಾಲಂ:

ಆ ಮಾತು ನಾಟಿತು ಸರ್. ಅವನ ನಂಬರ್ ಒಬ್ಬ ಹಳೆ ಗೆಳೆಯನ ಹತ್ತಿರ ಇದೆ.

ನೇಮಕಾತಿ_ಮೇಜು:

ಬರೆದದ್ದು ಚೆನ್ನಾಗಿದೆ. ಜಾಗ ಸಾಲದಿದ್ದರೆ ಕಾಲಂನಲ್ಲಿ "ಹೌದು, ಪ್ರತ್ಯೇಕ ಹಾಳೆ ನೋಡಿ" ಅಂತ ಬರೆದು, ಆ ಹಾಳೆಗೂ ಸಹಿ, ತಾರೀಕು ಹಾಕಿ.

ಖಾಲಿ_ಕಾಲಂ: (ಒಂಬತ್ತು ದಿನದ ನಂತರ)

ಫಾರಂ ಕಳಿಸಿದೆ. ನಾಲ್ಕನೇ ದಿನ ಅವರ ಹೆಚ್‌ಆರ್‌ನಿಂದ ಫೋನ್ ಬಂತು. ಪ್ರತ್ಯೇಕ ಹಾಳೆ ನೋಡಿದ್ದೇವೆ ಅಂದರು. ಕೇಸಿನ ಬಗ್ಗೆ ಕೇಳಿದ್ದು ಒಂದೇ ಪ್ರಶ್ನೆ, ಮೇಲ್ಮನವಿ ಏನಾದರೂ ಆಗಿದೆಯಾ ಅಂತ. ಇಲ್ಲ ಅಂದೆ. ವರದಿ ಬರಲು ಇನ್ನೂ ಒಂದು ವಾರ ಬೇಕಂತೆ. ತೀರ್ಪಿನ ಮೂಲ ಪ್ರತಿ ತಂದು ತೋರಿಸಿ ಅಂದಿದ್ದಾರೆ. ಸೋಮವಾರ ಹೋಗುತ್ತಿದ್ದೇನೆ.

ಹಳೆ_ಉದ್ಯೋಗಿ:

ತೋರಿಸಿ, ಕೊಟ್ಟು ಬರಬೇಡಿ. ಅವರ ಎದುರೇ ಜೆರಾಕ್ಸ್ ಮಾಡಿಸಿ ಮೂಲ ಪ್ರತಿ ವಾಪಸ್ ತೆಗೆದುಕೊಳ್ಳಿ. ಅಪ್ಪನ ಕವರಿನಲ್ಲೇ ಇಟ್ಟುಕೊಳ್ಳಿ.